ಮಾವನ ವಾಲ್ವು, ಮೊಲದ ವಾಲ್ವು ಮತ್ತು ಒಂದು ಕೊಲೆಸ್ಟೆರಾಲ್ ಮಾತ್ರೆ

ಮೊನ್ನೆ ತಿಪಟೂರಿಗೆ ಹೋದಾಗ ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಪಿಸುಗುಟ್ಟಿದರು. "ನಿಮ್ಮ ಮಾವ ಮಾತ್ರೆ ಬಿಟ್ಟು ಇಪ್ಪತ್ತು ದಿನ ಆಯ್ತು ಕಣಪ್ಪ. ನಾನು ಹೇಳಿದ್ರೆ ಕೇಳಲ್ಲ. ನೀನಾದ್ರೂ ಹೇಳು."

ಒಳಗೆ ಹೋದರೆ ಮಾವ ಆರಾಮಾಗಿ ಕೂತು ಪೇಪರ್ ಓದುತ್ತಿದ್ದರು. ಯಾವ ಮಾತ್ರೆ ಬಿಟ್ರಿ ಅಂತ ಕೇಳಿದೆ. "ಅದೇ ಕಣೋ, ಕೊಲೆಸ್ಟೆರಾಲ್‌ದು. ದಂಡದ ಮಾತ್ರೆ. ನಾಲ್ಕು ವರ್ಷ ಒಂದು ದಿನವೂ ತಪ್ಪಿಸದೆ ನುಂಗಿದೆ. ಏನಾಯ್ತು? ಕೊನೆಗೆ ಎದೆ ಸೀಳಿಸಿಕೊಂಡೇ ವಾಲ್ವ್ ಬದಲಾಯಿಸಬೇಕಾಯ್ತು ತಾನೇ? ಆ ಮಾತ್ರೆಯಿಂದ ವಾಲ್ವ್‌ಗೆ ಏನೂ ಉಪಯೋಗ ಇಲ್ಲ ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ಬರೆದಿದ್ದಾರಂತೆ. ನನ್ನ ಮೊಮ್ಮಗ ಮೊಬೈಲಲ್ಲಿ ಓದಿ ಹೇಳಿದ."

ತಮಾಷೆ ಏನು ಗೊತ್ತಾ? ಮೊಮ್ಮಗ ಓದಿ ಹೇಳಿದ್ದು ಪೂರ್ತಿ ನಿಜ. ಆದರೆ ಮಾವ ಮಾಡಿದ್ದು ಪೂರ್ತಿ ತಪ್ಪು. ಅದಕ್ಕಿಂತ ಮುಂಚೆ ನಾಲ್ಕು ವರ್ಷ ಅವರು ಅದೇ ಮಾತ್ರೆಯನ್ನ ನಂಬಿಕೊಂಡಿದ್ದು ಇನ್ನೂ ದೊಡ್ಡ ತಪ್ಪು. ಒಂದೇ ಮಾತ್ರೆಯ ವಿಷಯದಲ್ಲಿ ಒಬ್ಬ ಮನುಷ್ಯ ಎರಡು ದಿಕ್ಕಿನಲ್ಲಿ ಹೇಗೆ ತಪ್ಪಬಹುದು ಅಂತ ಬಸ್ಸಿನಲ್ಲಿ ವಾಪಸ್ ಬರುವಾಗ ಯೋಚಿಸುತ್ತಾ ಬಂದೆ. ಈ ಬರಹ ಅದರ ಫಲ. ನಾನು ಡಾಕ್ಟರಲ್ಲ, ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಫೈಲ್ ಹಿಡಿದು ಕೂತವನು, ಅಷ್ಟೆ.

2019ರ ಮಾತು. ಮಾವನಿಗೆ ಆಗ 71. ಸಕ್ಕರೆ ಕಾಯಿಲೆ ಹದಿನೈದು ವರ್ಷದಿಂದ ಇತ್ತು. ಮಾಮೂಲಿ ಚೆಕಪ್ಪಿಗೆ ಹೋದಾಗ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಏನೋ ಮರ್ಮರ ಕೇಳಿಸ್ತಿದೆ ಅಂದರು, ಎಕೋ ಮಾಡಿಸಿದರು. ಅಯೋರ್ಟಿಕ್ ಸ್ಟೆನೋಸಿಸ್, ಮಾಡರೇಟ್ ಅಂತ ರಿಪೋರ್ಟ್ ಬಂತು. ಹೃದಯದಿಂದ ಇಡೀ ದೇಹಕ್ಕೆ ರಕ್ತ ಹೊರಡುವ ಹೆಬ್ಬಾಗಿಲಲ್ಲಿ ಮೂರು ಎಸಳಿನ ಒಂದು ಕವಾಟ ಇದೆ. ಅದು ದಪ್ಪಗಾಗಿ, ಸುಣ್ಣ ಕಟ್ಟಿ, ಪೂರ್ತಿ ತೆರೆದುಕೊಳ್ಳದ ಸ್ಥಿತಿ ಅದು. ಬಾಗಿಲು ಕಿರಿದಾದಷ್ಟೂ ರಕ್ತ ಜೋರಾಗಿ ಚಿಮ್ಮಬೇಕು. ನಲ್ಲಿಗೆ ಹಾಕಿದ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ಹೇಗೆ ಚಿಮ್ಮುತ್ತೋ ಹಾಗೆ. ಎಕೋದಲ್ಲಿ ಆ ವೇಗವನ್ನೇ ಅಳೆಯುವುದು. ಮಾವನದು ಸೆಕೆಂಡಿಗೆ 3.2 ಮೀಟರ್ ಇತ್ತು. 4 ದಾಟಿದರೆ ಸಿವಿಯರ್ ಅಂತ ಲೆಕ್ಕ.

ಡಾಕ್ಟರು ಏನು ಹೇಳಿದರು ಅಂತ ನನಗೆ ಚೆನ್ನಾಗಿ ನೆನಪಿದೆ, ಪಕ್ಕದಲ್ಲೇ ಇದ್ದೆ. "ವಾಲ್ವ್ ಸ್ವಲ್ಪ ಟೈಟಾಗಿದೆ. ಕೊಲೆಸ್ಟೆರಾಲೂ ಜಾಸ್ತಿ ಇದೆ. ಇದನ್ನ ರಾತ್ರಿ ಒಂದು ತಗೊಳ್ಳಿ. ವರ್ಷ ಬಿಟ್ಟು ಎಕೋ ಮಾಡಿಸಿ." ನಾಲ್ಕು ವಾಕ್ಯ. ಹೊರಗೆ ಐವತ್ತು ಜನ ಕಾಯುತ್ತಿದ್ದರು, ಅವರನ್ನೂ ದೂರುವ ಹಾಗಿಲ್ಲ. ಆದರೆ ನೋಡಿ, ಆ ನಾಲ್ಕು ವಾಕ್ಯವನ್ನ ಮಾವ ಹೇಗೆ ಜೋಡಿಸಿಕೊಂಡರು ಅಂತ. ವಾಲ್ವ್ ಟೈಟಾಗಿದೆ, ಅದಕ್ಕೆ ಈ ಮಾತ್ರೆ. ಮಧ್ಯದಲ್ಲಿ 'ಕೊಲೆಸ್ಟೆರಾಲೂ' ಅನ್ನುವುದರಲ್ಲಿದ್ದ ಆ 'ಊ' ಅವರ ಕಿವಿಗೆ ಬೀಳಲೇ ಇಲ್ಲ. ನಿಜ ಹೇಳಬೇಕೆಂದರೆ ನನ್ನ ಕಿವಿಗೂ ಬೀಳಲಿಲ್ಲ.

ಮಾವ ಕೆಇಬಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು (ಅದು ಬೆಸ್ಕಾಂ ಆಗಿ ಎಷ್ಟೋ ವರ್ಷವಾದರೂ ನಮ್ಮ ಮನೆಯಲ್ಲಿ ಅದು ಕೆಇಬಿಯೇ). ತೆಂಗಿನ ತೋಟ ಇದೆ. ಬಾವಿಯಲ್ಲಿ ನೀರಿದ್ದ ಕಾಲದಲ್ಲಿ ಪಂಪಿನ ಫುಟ್‌ವಾಲ್ವ್ ಎಷ್ಟು ಸಲ ಬಿಚ್ಚಿ ಕಟ್ಟಿದ್ದಾರೋ ಲೆಕ್ಕ ಇಲ್ಲ. ಹಾಗಾಗಿ ವಾಲ್ವ್ ಅಂದರೆ ಅವರಿಗೆ ನೆಂಟನ ಹಾಗೆ. "ನಮ್ಮ ನೀರು ಗಡಸು ಕಣೋ, ಫುಟ್‌ವಾಲ್ವ್‌ಗೆ ಸುಣ್ಣ ಕಟ್ಟುತ್ತೆ. ಆಸಿಡ್ ಹಾಕಿ ತೊಳೆದ್ರೆ ಬಿಡುತ್ತೆ. ಈ ಮಾತ್ರೆ ಆ ಆಸಿಡ್ ಇದ್ದ ಹಾಗೆ" ಅಂತ ನನಗೇ ಪಾಠ ಮಾಡಿದರು. ನಾನೂ ಹೌದು ಹೌದು ಅಂತ ತಲೆ ಆಡಿಸಿದೆ.

ಈಗ ಸ್ವಲ್ಪ ಮಾವನ ಪರವಾಗಿ ವಾದ ಮಾಡಬೇಕು. ಯಾಕಂದ್ರೆ ಅವರು ಯೋಚಿಸಿದ್ದು ಪೆದ್ದುತನ ಅಲ್ಲ. ಒಂದು ಕಾಲದಲ್ಲಿ ಜಗತ್ತಿನ ಒಳ್ಳೊಳ್ಳೆ ಹೃದ್ರೋಗ ತಜ್ಞರು ಯೋಚಿಸಿದ್ದೂ ಹೆಚ್ಚುಕಡಿಮೆ ಇದನ್ನೇ!

ವಯಸ್ಸಾದವರ ಕವಾಟಕ್ಕೆ ಸುಣ್ಣ ಕಟ್ಟುವುದು ಬರೀ ಸವಕಳಿ, ಕೂದಲು ನೆರೆತ ಹಾಗೆ ಅಂತ ಬಹಳ ವರ್ಷ ನಂಬಿದ್ದರು. 1994ರಲ್ಲಿ ಅಮೆರಿಕದ ಕ್ಯಾಥರೀನ್ ಆಟೊ ಮತ್ತು ಜೊತೆಯವರು ಆರಂಭದ ಹಂತದಲ್ಲಿದ್ದ ಕವಾಟಗಳನ್ನ ಸೂಕ್ಷ್ಮದರ್ಶಕದ ಕೆಳಗೆ ನೋಡಿದರು. ಅಲ್ಲಿ ಸಿಕ್ಕಿದ್ದು ಕೊಬ್ಬು, ಉರಿಯೂತದ ಜೀವಕೋಶಗಳು, ಸುಣ್ಣದ ಕಣಗಳು. ಅರೆ, ಇದು ರಕ್ತನಾಳದಲ್ಲಿ ಬ್ಲಾಕ್ ಆಗುವ ಥರವೇ ಇದೆಯಲ್ಲ! 1997ರಲ್ಲಿ ಅಲ್ಲಿಯದೇ ಒಂದು ದೊಡ್ಡ ಅಧ್ಯಯನ, 65 ದಾಟಿದವರದ್ದು, ವಯಸ್ಸು, ಸಿಗರೇಟು, ಬಿಪಿ, ಎಲ್‌ಡಿಎಲ್ ಕೊಲೆಸ್ಟೆರಾಲ್ ಇವೆಲ್ಲ ಕವಾಟದ ರೋಗದ ಜೊತೆಗೂ ಹೋಗುತ್ತವೆ ಅಂತ ತೋರಿಸಿತು. ಹೃದಯಾಘಾತಕ್ಕೆ ಯಾವ ಪಟ್ಟಿಯೋ ಹೆಚ್ಚುಕಡಿಮೆ ಅದೇ ಪಟ್ಟಿ.

ಅಷ್ಟು ಹೊತ್ತಿಗೆ ಸ್ಟ್ಯಾಟಿನ್ ಅನ್ನುವ ಮಾತ್ರೆಗಳು ಹೀರೋ ಆಗಿದ್ದವು. ಇದರದೇ ಒಂದು ಚಂದದ ಕಥೆ ಇದೆ. ಜಪಾನಿನ ಅಕಿರ ಎಂಡೊ ಅನ್ನುವವರು 1970ರ ದಶಕದಲ್ಲಿ ಸಾವಿರಾರು ಬೂಷ್ಟುಗಳನ್ನ ಪರೀಕ್ಷೆ ಮಾಡಿ ಮಾಡಿ, ಕೊಲೆಸ್ಟೆರಾಲ್ ತಯಾರಾಗದಂತೆ ತಡೆಯುವ ವಸ್ತುವನ್ನ ಹಿಡಿದರು. 1987ರಲ್ಲಿ ಮೊದಲ ಸ್ಟ್ಯಾಟಿನ್ ಅಮೆರಿಕದ ಮಾರುಕಟ್ಟೆಗೆ ಬಂತು. 1994ರಲ್ಲಿ ಸ್ಕ್ಯಾಂಡಿನೇವಿಯಾದ ಒಂದು ಪ್ರಯೋಗದಲ್ಲಿ, ಮೊದಲೇ ಹೃದ್ರೋಗ ಇದ್ದವರ ಸಾವು ಸುಮಾರು 30 ಶೇಕಡ ಕಡಿಮೆಯಾಯಿತು. ನೂರಾರು ಕೋಟಿ ಜನರ ಜಗತ್ತಿನಲ್ಲಿ ಇಂಥ ಮಾತ್ರೆ ದಿನಾ ದಿನಾ ಸಿಗುವುದಿಲ್ಲ.

ಈಗ ಎರಡನ್ನೂ ಕೂಡಿಸಿ ನೋಡಿ. ಕವಾಟದ ರೋಗ ರಕ್ತನಾಳದ ರೋಗದ ತಮ್ಮ. ಅಣ್ಣನಿಗೆ ಸ್ಟ್ಯಾಟಿನ್ ಕೆಲಸ ಮಾಡುತ್ತೆ. ತಮ್ಮನಿಗೂ ಮಾಡಲೇಬೇಕಲ್ಲ? ಮೊಲಗಳಿಗೆ ಕೊಲೆಸ್ಟೆರಾಲ್ ತಿನ್ನಿಸಿ ಕವಾಟ ಕೆಡಿಸಿ, ಆಮೇಲೆ ಅಟೊರ್ವಾಸ್ಟ್ಯಾಟಿನ್ ಕೊಟ್ಟು ನೋಡಿದರು. ಅಮೆರಿಕದ ನಳಿನಿ ರಾಜಮನ್ನನ್ ಮತ್ತು ಸಂಗಡಿಗರ ಕೆಲಸ ಅದು. ಮೊಲದ ಕವಾಟಕ್ಕೆ ಒಳ್ಳೆಯದೇ ಆಯಿತು! 2001-02ರ ಸುಮಾರಿಗೆ ಆಸ್ಪತ್ರೆಗಳ ಹಳೇ ಫೈಲುಗಳನ್ನ ತೆಗೆದು ನೋಡಿದವರಿಗೂ ಸ್ಟ್ಯಾಟಿನ್ ತಗೊಳ್ಳುತ್ತಿದ್ದವರ ಕವಾಟ ನಿಧಾನವಾಗಿ ಕೆಡುತ್ತಿದೆ ಅಂತ ಕಂಡಿತು. ಕೇಸು ಮುಗಿದೇ ಹೋಯಿತು ಅನ್ನಿಸುವ ಹಾಗಿತ್ತು. ಆ ಹೊತ್ತಿಗೆ ನಾನು ಜಡ್ಜ್ ಆಗಿದ್ದರೆ ಸ್ಟ್ಯಾಟಿನ್ ಪರವಾಗಿ ತೀರ್ಪು ಬರೆದು ಪೆನ್ನು ಮುರಿದುಬಿಡುತ್ತಿದ್ದೆ :)

ಪುಣ್ಯಕ್ಕೆ ಕೆಲವರಿಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ಸರಿಯಾಗಿ ಚೀಟಿ ಎತ್ತಿ, ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಹುಸಿ ಮಾತ್ರೆ, ಯಾರಿಗೆ ಯಾವುದು ಅಂತ ಕೊಡುವವರಿಗೂ ಗೊತ್ತಿಲ್ಲ, ತಗೊಳ್ಳುವವರಿಗೂ ಗೊತ್ತಿಲ್ಲ, ಹಾಗೆ ಪರೀಕ್ಷೆ ಮಾಡೋಣ ಅಂದರು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 155 ರೋಗಿಗಳ ಮೇಲೆ ನಡೆದ ಸಾಲ್ಟೈರ್ ಪ್ರಯೋಗದ ಫಲಿತಾಂಶ 2005ರಲ್ಲಿ ಬಂತು. ದಿನಕ್ಕೆ 80 ಮಿಲಿಗ್ರಾಂ ಅಟೊರ್ವಾಸ್ಟ್ಯಾಟಿನ್, ಸಣ್ಣ ಡೋಸೇನಲ್ಲ. ಎಲ್‌ಡಿಎಲ್ ಅರ್ಧಕ್ಕೆ ಇಳಿಯಿತು. ಕವಾಟ? ಮಾತ್ರೆ ತಗೊಂಡವರಲ್ಲೂ ರಕ್ತದ ವೇಗ ವರ್ಷಕ್ಕೆ ಸುಮಾರು 0.2 ಮೀಟರ್ ಏರಿತು, ಹುಸಿ ಮಾತ್ರೆಯವರಲ್ಲೂ ಅಷ್ಟೇ ಏರಿತು. ಕವಾಟಕ್ಕೆ ಸುದ್ದಿಯೇ ಮುಟ್ಟಲಿಲ್ಲ.

ಬರೀ 155 ಜನ, ಬರೀ ಎರಡು ವರ್ಷ ಚಿಲ್ಲರೆ, ಸಾಲದು ಅಂದರು ಕೆಲವರು. ಸರಿಯಾದ ಮಾತೇ. ಮಧ್ಯದಲ್ಲಿ 2007ರಲ್ಲಿ ಪೋರ್ಚುಗಲ್ಲಿನ ಒಂದು ಅಧ್ಯಯನ ಮತ್ತೆ ಆಸೆ ಹುಟ್ಟಿಸಿತು, ಆದರೆ ಅದರಲ್ಲಿ ಚೀಟಿ ಎತ್ತಿರಲಿಲ್ಲ. ಆಮೇಲೆ 2008ರಲ್ಲಿ ಬಂತು ಸೀಸ್. ನಾರ್ವೆ, ಡೆನ್ಮಾರ್ಕ್, ಸ್ವೀಡನ್ ಮೊದಲಾದ ಯುರೋಪಿನ ದೇಶಗಳ 1873 ರೋಗಿಗಳು, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ, ಸಿಮ್ವಾಸ್ಟ್ಯಾಟಿನ್ ಜೊತೆಗೆ ಎಜೆಟಿಮೈಬ್. ಕವಾಟ ಬದಲಾಯಿಸಬೇಕಾಗಿ ಬಂದವರು ಮಾತ್ರೆಯ ಗುಂಪಿನಲ್ಲಿ 28.3 ಶೇಕಡ, ಹುಸಿ ಮಾತ್ರೆಯ ಗುಂಪಿನಲ್ಲಿ 29.9. ವ್ಯತ್ಯಾಸ ಅಂತ ಕರೆಯೋ ಹಾಗೇ ಇಲ್ಲ. 2010ರಲ್ಲಿ ಕೆನಡಾದ ಆಸ್ಟ್ರಾನಮರ್ ಪ್ರಯೋಗ, 269 ಜನ, ರೋಸುವಾಸ್ಟ್ಯಾಟಿನ್ 40 ಮಿಲಿಗ್ರಾಂ, ರೋಗ ಇನ್ನೂ ಹಗುರ ಇದ್ದವರನ್ನೇ ಆರಿಸಿಕೊಂಡಿದ್ದರು. ಅಲ್ಲೂ ಸೊನ್ನೆ.

ಮೂರು ಬೇರೆ ಬೇರೆ ಸ್ಟ್ಯಾಟಿನ್, ಬೇರೆ ಬೇರೆ ದೇಶ, ಒಂದೇ ಉತ್ತರ. ಅಮೆರಿಕದ ಹೃದ್ರೋಗ ಸಂಘಗಳ 2014ರ ಮಾರ್ಗಸೂಚಿ ಕವಾಟ ಕೆಡುವುದನ್ನ ತಡೆಯಲಿಕ್ಕೆ ಸ್ಟ್ಯಾಟಿನ್ ಕೊಡಬೇಡಿ, ಉಪಯೋಗ ಇಲ್ಲ ಅಂತ ಬರೆಯಿತು. 2020ರದ್ದೂ ಅದನ್ನೇ ಹೇಳುತ್ತದೆ.

ಯಾಕೆ ಹೀಗಾಯಿತು? ಇದು ನನಗೆ ಎಲ್ಲಕ್ಕಿಂತ ಹೆಚ್ಚು ಸ್ವಾರಸ್ಯ ಅನ್ನಿಸಿದ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ರಕ್ತನಾಳದಲ್ಲಿ ಅಪಾಯ ಇರುವುದು ಮೆತ್ತಗಿನ ಕೊಬ್ಬಿನ ಗಂಟಿನಲ್ಲಿ. ಅದು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ನಾಳ ಮುಚ್ಚಿಹೋದರೆ ಹಾರ್ಟ್ ಅಟ್ಯಾಕ್. ಸ್ಟ್ಯಾಟಿನ್ ಆ ಗಂಟಿನ ಕೊಬ್ಬನ್ನ ಕಡಿಮೆ ಮಾಡಿ ಅದನ್ನ ಗಟ್ಟಿ ಮಾಡುತ್ತದೆ. ಗಟ್ಟಿಯಾದರೆ ಒಡೆಯುವುದಿಲ್ಲ. ಸ್ಟ್ಯಾಟಿನ್ ತಗೊಳ್ಳುವವರ ಹೃದಯದ ರಕ್ತನಾಳದ ಗಂಟುಗಳಲ್ಲಿ ಸುಣ್ಣ ಕಡಿಮೆಯಾಗುವ ಬದಲು ಹೆಚ್ಚಾಗುವುದೂ ಇದೆ, ಅದರಿಂದ ಕೆಡುಕಿಲ್ಲ. ಆದರೆ ಕವಾಟದಲ್ಲಿ? ಅಲ್ಲಿ ಗಟ್ಟಿಯಾಗುವುದೇ ರೋಗ! ಅಲ್ಲಿ ಏನೂ ಒಡೆಯಬೇಕಾಗಿಲ್ಲ, ಬರೀ ಬಿರುಸಾದರೆ ಸಾಕು. ಕೊಬ್ಬು ಬಹುಶಃ ಮೊದಲ ಕಿಡಿ ಹಚ್ಚುತ್ತದೆ. ಆಮೇಲೆ ಕವಾಟದ ಒಳಗಿನ ಜೀವಕೋಶಗಳೇ ಮೂಳೆ ಕಟ್ಟುವ ಕೆಲಸಕ್ಕೆ ಇಳಿದುಬಿಡುತ್ತವೆ. ಸುಣ್ಣ ಕಟ್ಟಿದ ಎಸಳು ಬಾಗುವಾಗ ಇನ್ನಷ್ಟು ಪೆಟ್ಟು, ಆ ಪೆಟ್ಟಿಗೆ ಇನ್ನಷ್ಟು ಸುಣ್ಣ. ಗಾಡಿ ಒಮ್ಮೆ ಇಳಿಜಾರಿಗೆ ಬಿದ್ದ ಮೇಲೆ ಮೊದಲು ತಳ್ಳಿದವನನ್ನ ಹಿಡಿದು ನಿಲ್ಲಿಸಿ ಏನು ಪ್ರಯೋಜನ?

ಅಂದರೆ ಮಾವನ ಫುಟ್‌ವಾಲ್ವ್ ಲೆಕ್ಕ ಅರ್ಧ ಸರಿ ಇತ್ತು. ಸುಣ್ಣ ಕಟ್ಟುವುದು ನಿಜ. ಮಾತ್ರೆ ಆಸಿಡ್ ಅಲ್ಲ, ಅಷ್ಟೆ. ಕಟ್ಟಿದ ಸುಣ್ಣ ಕರಗಿಸುವ ಯಾವ ಮಾತ್ರೆಯೂ ಇಲ್ಲ.

ಇನ್ನೊಂದು ವಾದ ಇದೆ, ಅದನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಪ್ರಯೋಗಗಳು ತಡವಾಗಿ ಶುರುವಾದವು, ಸುಣ್ಣ ಕಟ್ಟುವ ಮುಂಚೆಯೇ, ನಲವತ್ತು ಐವತ್ತರಲ್ಲೇ ಕೊಟ್ಟಿದ್ದರೆ ಕೆಲಸ ಮಾಡುತ್ತಿತ್ತೇನೋ ಅನ್ನುತ್ತಾರೆ ಕೆಲವರು. ಇರಬಹುದು. ಲಿಪೊಪ್ರೋಟೀನ್ ಎ ಅನ್ನುವ ಇನ್ನೊಂದು ಬಗೆಯ ಕೊಬ್ಬಿನ ಕಣದ ವಂಶವಾಹಿಗೂ ಕವಾಟದ ಸುಣ್ಣಕ್ಕೂ ನಂಟಿದೆ ಅಂತ 2013ರಲ್ಲಿ ಗೊತ್ತಾಯಿತು. ಸ್ಟ್ಯಾಟಿನ್ ಅದನ್ನ ಇಳಿಸುವುದೇ ಇಲ್ಲ. ಹಾಗಾಗಿ ನಾವು ತಪ್ಪು ಕೊಬ್ಬಿನ ಹಿಂದೆ ಓಡಿದೆವೇನೋ ಅನ್ನುವ ಮಾತೂ ಇದೆ. ಇವೆಲ್ಲ ಒಳ್ಳೆಯ ಪ್ರಶ್ನೆಗಳು. ಆದರೆ ನನ್ನ ಅಭಿಪ್ರಾಯ ಇಷ್ಟು: ಪ್ರಶ್ನೆ ಚೆನ್ನಾಗಿದೆ ಅಂತ ಅದನ್ನ ಚೀಟಿಯಲ್ಲಿ ಬರೆದು ಮೆಡಿಕಲ್ ಶಾಪಿಗೆ ಕಳಿಸುವ ಹಾಗಿಲ್ಲ.

ಮಾವನ ಕಥೆಗೆ ವಾಪಸ್ ಬರೋಣ. 2020ರಲ್ಲಿ ಕೊರೊನಾ, ಎಕೋಗೆ ಹೋಗಲಿಲ್ಲ. 2021ರಲ್ಲೂ ಹೆದರಿಕೆ. 2022ರಲ್ಲಿ ಹೆದರಿಕೆ ಇರಲಿಲ್ಲ, ಬೇರೆ ಕಾರಣ ಇತ್ತು. ರಕ್ತ ಪರೀಕ್ಷೆ ಮಾಡಿಸಿದ್ದರು, ಎಲ್‌ಡಿಎಲ್ 142 ಇದ್ದದ್ದು 68ಕ್ಕೆ ಬಂದಿತ್ತು. ಆ ರಿಪೋರ್ಟನ್ನ ಮದುವೆ ಪತ್ರಿಕೆ ಹಂಚಿದ ಹಾಗೆ ಎಲ್ಲರಿಗೂ ತೋರಿಸಿದರು. "ಎಕೋಗೆ ಯಾಕೋ ದುಡ್ಡು ದಂಡ? ಮಾತ್ರೆ ಕೆಲಸ ಮಾಡ್ತಿದೆ ಅಂತ ಇಲ್ಲೇ ಬರೆದಿದೆಯಲ್ಲ!" ಮಾತ್ರೆ ಕೆಲಸ ಮಾಡುತ್ತಿದ್ದದ್ದು ನಿಜ. ಕವಾಟದಲ್ಲಿ ಅಲ್ಲ, ಅಷ್ಟೆ. ಸಾಲ್ಟೈರಿನ ರೋಗಿಗಳ ಎಲ್‌ಡಿಎಲ್ ಕೂಡ ಅಷ್ಟೇ ಚಂದವಾಗಿ ಇಳಿದಿತ್ತಲ್ಲ.

2023ರಲ್ಲಿ ಮನೆ ಮುಂದಿನ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ವಯಸ್ಸು ಅಂದರು. ತೋಟಕ್ಕೆ ಹೋಗುವುದು ಬಿಟ್ಟರು, ಅದಕ್ಕೆ ಬಿಸಿಲು ಅಂದರು. ಆಮೇಲೆ ಒಂದು ನಾಮಕರಣಕ್ಕೆ ಹೋದವರು ಊಟ ಮುಗಿಸಿ ಕೈ ತೊಳೆಯಲು ಎದ್ದು ಅಲ್ಲೇ ಕುಸಿದರು. ಒಂದು ನಿಮಿಷ ಪ್ರಜ್ಞೆ ಇರಲಿಲ್ಲ. ಎಕೋ ಮಾಡಿದರೆ ವೇಗ 4.5. ಬಾಗಿಲು 0.8 ಚದರ ಸೆಂಟಿಮೀಟರ್. ಆರೋಗ್ಯವಂತರದ್ದು 3-4 ಇರುತ್ತದೆ. ನಮ್ಮ ಕಿರುಬೆರಳು ತೂರುವಷ್ಟು ಕಂಡಿಯಲ್ಲಿ ಆ ಮನುಷ್ಯ ತೋಟ, ಮದುವೆ, ಜಗಳ ಎಲ್ಲ ಮಾಡಿಕೊಂಡಿದ್ದರು!

ಇದು ಯಾಕೆ ಮುಖ್ಯ ಅಂದರೆ, ಈ ರೋಗ ವರ್ಷಗಟ್ಟಲೆ ಸುಮ್ಮನಿರುತ್ತದೆ, ಲಕ್ಷಣ ಶುರುವಾದ ಮೇಲೆ ಸುಮ್ಮನಿರುವುದಿಲ್ಲ. 1968ರಲ್ಲೇ ರಾಸ್ ಮತ್ತು ಬ್ರೌನ್‌ವಾಲ್ಡ್ ಅನ್ನುವ ಇಬ್ಬರು ಲೆಕ್ಕ ಹಾಕಿದ್ದರು. ಕವಾಟ ಬದಲಾಯಿಸದಿದ್ದರೆ, ಎದೆನೋವು ಬಂದ ಮೇಲೆ ಸರಾಸರಿ ಐದು ವರ್ಷ, ತಲೆಸುತ್ತಿ ಬಿದ್ದ ಮೇಲೆ ಮೂರು, ಹಾರ್ಟ್ ಫೇಲ್ಯೂರ್ ಶುರುವಾದರೆ ಎರಡು. ಆ ದಿನ ಕಾರಿಡಾರಿನಲ್ಲಿ ಕೂತು ಇದನ್ನ ಓದಿದಾಗ ನನಗೆ ಸಿಟ್ಟು ಬಂದಿದ್ದು ಮಾವನ ಮೇಲಲ್ಲ, ನನ್ನ ಮೇಲೆ. ವರ್ಷ ಬಿಟ್ಟು ಎಕೋ ಮಾಡಿಸಿ ಅಂದಿದ್ದರಲ್ಲ. ಆ ನಾಲ್ಕು ವಾಕ್ಯದಲ್ಲಿ ಕವಾಟಕ್ಕೆ ಸಂಬಂಧಪಟ್ಟ ನಿಜವಾದ ಚಿಕಿತ್ಸೆ ಅದೊಂದೇ ಆಗಿತ್ತು. ಅದನ್ನೇ ನಾವು ಬಿಟ್ಟೆವು, ಮಾತ್ರೆ ಹಿಡಿದುಕೊಂಡೆವು.

ಆಪರೇಷನ್ ಆಯಿತು. ತೊಡೆಯ ರಕ್ತನಾಳದಿಂದ ತೂರಿಸಿ ಕವಾಟ ಕೂರಿಸುವ ವಿಧಾನವೂ ಇದೆ. ಫ್ರಾನ್ಸಿನ ಅಲೈನ್ ಕ್ರಿಬಿಯೆ 2002ರಲ್ಲಿ ಮೊದಲ ಸಲ ಕ್ಯಾತಿಟರ್ ಮೂಲಕ ಮನುಷ್ಯರಲ್ಲಿ ಮಾಡಿ ತೋರಿಸಿದ್ದು. ನಮ್ಮ ಜೇಬಿಗೆ ಅದು ಎಟುಕಲಿಲ್ಲ, ಎದೆ ತೆರೆದೇ ಮಾಡಿದರು. ಲೋಹದ ಕವಾಟ ಹಾಕಿದರೆ ಜೀವನಪೂರ್ತಿ ರಕ್ತ ತೆಳು ಮಾಡುವ ಮಾತ್ರೆ, ಪದೇ ಪದೇ ರಕ್ತ ಪರೀಕ್ಷೆ. (ನಮ್ಮ ದೇಶದ್ದೇ ಆದ ಚಿತ್ರಾ ವಾಲ್ವ್ ಆ ಜಾತಿಯದು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ವಲಿಯತ್ತಾನ್ ಅವರ ತಂಡ ಮಾಡಿ 1990ರಲ್ಲಿ ಮೊದಲು ಅಳವಡಿಸಿದ್ದು. ಅವರು ಆಮೇಲೆ ನಮ್ಮ ಮಣಿಪಾಲಕ್ಕೆ ಬಂದು ಕುಲಪತಿಯಾಗಿದ್ದರು.) ಮಾವನ ವಯಸ್ಸಿಗೆ ಪ್ರಾಣಿಯ ಅಂಗಾಂಶದ್ದೇ ವಾಸಿ ಅಂದರು. ಯಾವ ಪ್ರಾಣಿ ಅಂತ ಮಾವ ಕೇಳಿದರು. ಹಸುವಿನ ಹೃದಯದ ಹೊರಪೊರೆ ಅಂದರು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಪ್ಪತ್ತೈದು ವರ್ಷ ಹಾಲು ಕುಡಿದಿದ್ದೀನಿ. ಇದೂ ಒಂದು ಋಣ ಅಂದ್ಕೊಳ್ತೀನಿ, ಹಾಕಿ" ಅಂದರು.

ಈಗ ಆ ದಂಡದ ಮಾತ್ರೆಯ ವಿಷಯ. ಮೊಮ್ಮಗ ಓದಿದ ಸೀಸ್ ಪ್ರಯೋಗದಲ್ಲೇ ಇನ್ನೊಂದು ಸಾಲಿದೆ, ಅವನು ಅಲ್ಲಿಯವರೆಗೆ ಓದಲಿಲ್ಲ. ಕವಾಟಕ್ಕೆ ಏನೂ ಆಗಲಿಲ್ಲ, ಆದರೆ ರಕ್ತನಾಳದ ತೊಂದರೆಗಳು 20.1ರಿಂದ 15.7 ಶೇಕಡಕ್ಕೆ ಇಳಿದವು, ಮುಖ್ಯವಾಗಿ ಬೈಪಾಸ್ ಬೇಕಾದವರು ಕಡಿಮೆಯಾದ್ದರಿಂದ. ಅಷ್ಟೇ ಅಲ್ಲ, ಆ ಪ್ರಯೋಗಕ್ಕೆ ಸಕ್ಕರೆ ಕಾಯಿಲೆಯವರನ್ನ ಸೇರಿಸಿಕೊಂಡೇ ಇರಲಿಲ್ಲ. ಯಾಕೆಂದರೆ ಅಂಥವರಿಗೆ ಸ್ಟ್ಯಾಟಿನ್ ಹೇಗೂ ಬೇಕು, ಹುಸಿ ಮಾತ್ರೆ ಕೊಡುವುದು ಸರಿಯಲ್ಲ ಅಂತ! ಅಂದರೆ ಮಾವ ಯಾವ ಪ್ರಯೋಗ ತೋರಿಸಿ ಮಾತ್ರೆ ಬಿಟ್ಟರೋ, ಆ ಪ್ರಯೋಗದವರು ಮಾವನನ್ನ ಬಾಗಿಲಲ್ಲೇ ವಾಪಸ್ ಕಳಿಸಿ, ಹೋಗಿ ಮಾತ್ರೆ ತಗೊಳ್ಳಿ ಅನ್ನುತ್ತಿದ್ದರು.

ಅದೇ ಪ್ರಯೋಗದಲ್ಲಿ ಮಾತ್ರೆಯ ಗುಂಪಿನಲ್ಲಿ 105, ಇನ್ನೊಂದರಲ್ಲಿ 70 ಜನಕ್ಕೆ ಕ್ಯಾನ್ಸರ್ ಕಂಡು ದೊಡ್ಡ ಗಾಬರಿಯಾಗಿತ್ತು. ಇದನ್ನೂ ಈಗ ಯಾರೋ ಫಾರ್ವರ್ಡ್ ಮಾಡುತ್ತಿದ್ದಾರೆ. ಆಮೇಲೆ ಅದೇ ಜೋಡಿ ಔಷಧಿಯನ್ನ 18 ಸಾವಿರಕ್ಕೂ ಹೆಚ್ಚು ಜನರಲ್ಲಿ ನೋಡಿದ 2015ರ ಪ್ರಯೋಗದಲ್ಲಿ ಕ್ಯಾನ್ಸರ್ ಹೆಚ್ಚಾಗಲಿಲ್ಲ ಅನ್ನುವುದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಗೆದ್ದ ಪ್ರಯೋಗದ ಸುದ್ದಿ ಪೇಪರಿನ ಮುಖಪುಟಕ್ಕೆ ಬರುತ್ತದೆ, ಸೋತ ಪ್ರಯೋಗದ ಸುದ್ದಿ ಜರ್ನಲ್ಲಿನಲ್ಲೇ ಉಳಿಯುತ್ತದೆ. ರೋಗಿಗೆ ಈ ಮಾತ್ರೆ ಯಾಕೆ ಅಂತ ಒಂದು ವಾಕ್ಯ ಹೇಳಿದರೆ, ಯಾಕೆ ಅಲ್ಲ ಅಂತ ಇನ್ನೊಂದು ವಾಕ್ಯ ಹೇಳಲಿಕ್ಕೆ ಹತ್ತು ಸೆಕೆಂಡ್ ಸಾಕು. "ಇದು ನಿಮ್ಮ ಸಕ್ಕರೆಗೆ, ರಕ್ತನಾಳಕ್ಕೆ. ವಾಲ್ವ್‌ಗೆ ಮಾತ್ರೆ ಇಲ್ಲ, ಅದನ್ನ ಎಕೋದಲ್ಲಿ ಕಾಯಬೇಕು." ಇಷ್ಟು ಹೇಳಿದ್ದರೆ ಮಾವ ನಾಮಕರಣದ ಮನೆಯಲ್ಲಿ ಬೀಳುತ್ತಿರಲಿಲ್ಲ, ಮಾತ್ರೆಯನ್ನೂ ಬಿಡುತ್ತಿರಲಿಲ್ಲ. ಡಾಕ್ಟರು ಹೇಳದಿದ್ದರೆ ನಾವಾದರೂ ಕೇಳಬೇಕು. ಇನ್ನು ನಮ್ಮ ಕಡೆ ಎಳೆ ವಯಸ್ಸಿನಲ್ಲೇ ವಾಲ್ವ್ ಕೆಡುವುದು ಹೆಚ್ಚಾಗಿ ರುಮ್ಯಾಟಿಕ್ ಜ್ವರದಿಂದ. ಅದರ ದಾರಿಯೇ ಬೇರೆ, ಅಲ್ಲಿ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತಪ್ಪಿಸದಿರುವುದು ಮುಖ್ಯ. ವಾಲ್ವ್ ಅಂದ ತಕ್ಷಣ ಎಲ್ಲರದ್ದೂ ಒಂದೇ ಅಂತ ಪಕ್ಕದ ಮನೆಯವರ ಮಾತ್ರೆ ಚೀಟಿ ಕೇಳಬೇಡಿ.

ಮಾವನಿಗೆ ಇದನ್ನೆಲ್ಲ ಹೇಳಲು ಒಂದು ಮಧ್ಯಾಹ್ನ ಬೇಕಾಯಿತು. ಪ್ರಯೋಗ, ಶೇಕಡ ಯಾವುದಕ್ಕೂ ಜಗ್ಗಲಿಲ್ಲ. ಆಪರೇಷನ್ನಿಗೆ ಮುಂಚೆ ಮಾಡಿದ ಆಂಜಿಯೋಗ್ರಾಂ ರಿಪೋರ್ಟ್ ಫೈಲಿನಲ್ಲಿತ್ತು, ತೆಗೆದು ಮುಂದಿಟ್ಟೆ. ಒಂದು ರಕ್ತನಾಳದಲ್ಲಿ 40 ಶೇಕಡ ಬ್ಲಾಕ್, ಸದ್ಯಕ್ಕೆ ಏನೂ ಮಾಡುವುದು ಬೇಡ ಅಂತ ಬರೆದಿತ್ತು.

"ಮಾವ, ಫುಟ್‌ವಾಲ್ವ್ ಹೊಸದು ಹಾಕಿಸಿದ್ದೀರಿ. ಪೈಪ್ ಹಳೇದೇ ಅಲ್ವಾ?" ಅಂದೆ.

ಕನ್ನಡಕ ಏರಿಸಿ ರಿಪೋರ್ಟ್ ಎರಡು ಸಲ ಓದಿದರು. "ಪೈಪಿಗೆ ಅಂತ ಮೊದಲೇ ಹೇಳಿದ್ರೆ ನಾನ್ಯಾಕೋ ಬಿಡ್ತಿದ್ದೆ?" ಅಂತ ನನಗೇ ಬೈದರು. ಅತ್ತೆ ಆಗಲೇ ಮೆಡಿಕಲ್ ಶಾಪಿಗೆ ಮೊಮ್ಮಗನನ್ನ ಓಡಿಸಿದ್ದರು. ಮುಂದಿನ ಎಕೋ ಯುಗಾದಿ ಕಳೆದ ಮೇಲೆ ಇದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಾರೀಖಿಗೆ ಮಾವನೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ, ಕೆಳಗೆ 'ವಾಲ್ವ್' ಅಂತ ಬರೆದು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಪೈಪ್ - ರಾತ್ರಿ 1' ಅಂತಲೂ ಇದೆ.

ನಿಮ್ಮ ಮನೆಯ ಫೈಲುಗಳಲ್ಲಿ ಇಂಥ ಕಥೆ ಇದ್ದರೆ ನೀವೂ ಬರೆಯಿರಿ, ಓದುತ್ತೇನೆ.